ಉಲ್ವಾ ಎಲೆಯಾಗದೆ ಉಂಡೆಯಾದರೆ: ದೋಷ ಹುಡುಕುವ ಕೈಪಿಡಿ

ದೋಷ ಹೀಗಿರುತ್ತದೆ. ಉಲ್ವಾ ಎಂಬ ಹಸಿರು ಕಡಲಪಾಚಿಯ ಬೀಜಕಣಗಳು ಮೊಳೆತಿವೆ. ಬಣ್ಣ ಹಸಿರಾಗಿಯೇ ಇದೆ, ಸತ್ತಿಲ್ಲ. ಆದರೆ ವಾರಗಳು ಕಳೆದರೂ ಎಲೆ ಬರುವುದಿಲ್ಲ. ಜಾರಿನ ತಳದಲ್ಲಿ ಗುಂಡುಸೂಜಿಯ ತಲೆಯಷ್ಟು ದಪ್ಪದ ಕಡುಹಸಿರು ಕಾಳುಗಳು ಕಾಣುತ್ತವೆ. ಜಾರನ್ನು ಸ್ವಲ್ಪ ಓರೆ ಮಾಡಿದರೆ ಅವು ಉರುಳಿಕೊಂಡು ಪಕ್ಕಕ್ಕೆ ಬರುತ್ತವೆ. ಗಾಜಿಗೆ ಅಂಟಿಕೊಂಡಿರುವುದಿಲ್ಲ. ಬೆರಳ ನಡುವೆ ಒತ್ತಿದರೆ ಸುಮ್ನೆ ಪುಡಿಯಾಗುತ್ತವೆ.

ಕಾರವಾರ, ಭಟ್ಕಳ, ಸೋಮೇಶ್ವರದ ಬಂಡೆಗಳ ಮೇಲೆ ಉಲ್ವಾ ನೋಡಿದವರಿಗೆ ಇದು ಅದೇ ಗಿಡ ಅಂತ ಹೇಳಿದರೂ ನಂಬಿಕೆ ಬರುವುದಿಲ್ಲ. ಅಲ್ಲಿ ಅದು ಅಂಗೈ ಅಗಲದ ತೆಳು ಹಾಳೆ. ಎರಡೇ ಎರಡು ಜೀವಕೋಶಗಳ ದಪ್ಪ. ಇಳಿತದ ಹೊತ್ತಿನಲ್ಲಿ ಬಂಡೆಗೆ ಅಂಟಿಕೊಂಡು ಮಲಗಿರುತ್ತದೆ, ಕೈಯಿಂದ ಎಳೆದರೆ ಎಲೆ ಹರಿಯುತ್ತದೆಯೇ ಹೊರತು ಬುಡ ಬಿಟ್ಟುಕೊಡುವುದಿಲ್ಲ.

ಕಾಲೇಜು ಲ್ಯಾಬುಗಳಿಂದ, ಮನೆಯ ಹಿಂದೆ ತೊಟ್ಟಿ ಇಟ್ಟುಕೊಂಡು ಕಡಲಪಾಚಿ ಬೆಳೆಸುವವರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಎಲ್ಲರೂ ಕೇಳುವುದು ಒಂದೇ: 'ಯಾವ ರೋಗ ಬಂದಿದೆ? ಯಾವ ಔಷಧಿ ಹಾಕಬೇಕು?' ಔಷಧಿ ಹಾಕುವುದಕ್ಕೆ ಮೊದಲು ಈ ಕೈಪಿಡಿ ಓದಿ ಅಂತ ಕೇಳಿಕೊಳ್ಳುತ್ತೇನೆ. ಈ ದೋಷದಲ್ಲಿ ಬಹಳ ಸಲ ಪಾಚಿಯ ಮೇಲೆ ಯಾರೋ ಬಂದು ಕೂತಿದ್ದಾರೆ ಅನ್ನುವುದು ಕಾರಣವಲ್ಲ. ಇರಬೇಕಾದ ಬ್ಯಾಕ್ಟೀರಿಯಾಗಳು ಇಲ್ಲ ಅನ್ನುವುದು ಕಾರಣ.

ಮೊದಲು ಸುಲಭದವನ್ನು ಕಳೆಯಿರಿ

ನೀರಿನ ಉಪ್ಪಿನಂಶ ನೋಡಿ. ತೆರೆದ ಕಡಲಿನಲ್ಲಿ ಅದು ಲೀಟರಿಗೆ ಸುಮಾರು 35 ಗ್ರಾಂ. ಮಳೆಗಾಲದಲ್ಲಿ ಕಾಳಿ ನದಿಯ ಅಳಿವೆಯಂಥ ಜಾಗದಿಂದ ನೀರು ತಂದಿದ್ದರೆ ಬಹಳ ಕಡಿಮೆ ಇರುತ್ತದೆ. ಉಲ್ವಾ ಉಪ್ಪಿನ ಏರಿಳಿತವನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಆದರೂ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡುವುದಕ್ಕೆ ಅರ್ಧ ನಿಮಿಷ ಸಾಕು, ನೋಡಿಬಿಡಿ.

ಸಾರಜನಕ ಕಡಿಮೆಯಾದರೆ ಪಾಚಿ ಬಿಳಚಿಕೊಳ್ಳುತ್ತದೆ. ಎಲೆ ತಿಳಿಹಸಿರಾಗುತ್ತದೆ, ಹಳದಿಗೆ ತಿರುಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಆದರೆ ಎಲೆ ಎಲೆಯಾಗಿಯೇ ಇರುತ್ತದೆ. ಬೆಳಕು ಕಡಿಮೆಯಾದರೂ ಅಷ್ಟೇ, ಬೆಳವಣಿಗೆ ಕುಂಟುತ್ತದೆ, ರೂಪ ಕೆಡುವುದಿಲ್ಲ. ಬಣ್ಣ ಚೆನ್ನಾಗಿದ್ದು ರೂಪ ಮಾತ್ರ ಕೆಟ್ಟಿದ್ದರೆ ಗೊಬ್ಬರದ ಬಾಟಲಿ ಬದಿಗಿಟ್ಟು ಮುಂದಕ್ಕೆ ಹೋಗಿ. ಇದೊಂದು ಗುರುತು ನೆನಪಿಟ್ಟುಕೊಂಡರೆ ಅರ್ಧ ಸಮಯ ಉಳಿಯುತ್ತದೆ.

ಇನ್ನೊಂದು ಗೊಂದಲ ಇದೆ. ಬೀಜಕಣ ಗಾಜಿನ ಮೇಲೆ ಕೂರಲೇ ಇಲ್ಲವೋ, ಕೂತು ಮೊಳೆತ ಮೇಲೆ ಹಿಡಿತ ಬರಲಿಲ್ಲವೋ? ಇವೆರಡೂ ಬೇರೆ. ಉಲ್ವಾದ ಈಜುವ ಬೀಜಕಣಗಳು ಬ್ಯಾಕ್ಟೀರಿಯಾದ ಲೋಳೆಪದರ ಇರುವ ಜಾಗವನ್ನು ಆರಿಸಿಕೊಂಡು ಕೂರುತ್ತವೆ. ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲೇ ಸುದ್ದಿ ಕಳಿಸಲು ಬಳಸುವ ರಾಸಾಯನಿಕವನ್ನು ಈ ಬೀಜಕಣಗಳೂ ಗುರುತಿಸುತ್ತವೆ ಅಂತ 2002ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಆ ರಾಸಾಯನಿಕ ತಯಾರಿಸಲಾಗದ ಬ್ಯಾಕ್ಟೀರಿಯಾ ತಳಿಯ ಪದರ ಕೊಟ್ಟಾಗ ಬೀಜಕಣಗಳಿಗೆ ಆ ಸೆಳೆತ ಇರಲಿಲ್ಲ. ಹಾಗಾಗಿ ಅಂಗಡಿಯಿಂದ ತಂದು ಸ್ಪಿರಿಟ್‌ನಲ್ಲಿ ಒರೆಸಿದ ಹೊಸ ಗಾಜಿನ ಮೇಲೆ ಬೀಜಕಣ ಕಡಿಮೆ ಕೂತರೆ ಆಶ್ಚರ್ಯವಿಲ್ಲ. ಅಂಥ ಗಾಜನ್ನು ಮೊದಲು ಕಡಲ ನೀರಿನಲ್ಲಿ ಕೆಲವು ದಿನ ಮುಳುಗಿಸಿಡಿ. ಬೆರಳಿಗೆ ಜಾರುವ ಪದರ ಬಂದ ಮೇಲೆ ಬಳಸಿ. ಕೂತು, ಮೊಳೆತು, ಆಮೇಲೆ ಉಂಡೆಯಾಗಿ ಕಳಚಿ ಬಿದ್ದಿದ್ದರೆ ಮಾತ್ರ ನಮ್ಮ ದೋಷ.

ಜಾರಿನ ಹಿಂದಿನ ಕಥೆ ಕೇಳಿ

ಮೈಕ್ರೋಸ್ಕೋಪ್ ತೆಗೆಯುವ ಮೊದಲು ನಾನು ಕೇಳುವುದು ಇಷ್ಟು. ನೀರು ಕಡಲಿನದೋ, ಉಪ್ಪಿನ ಪುಡಿ ಬೆರೆಸಿ ಮಾಡಿದ್ದೋ? ಆಟೋಕ್ಲೇವ್ ಮಾಡಿದ್ದೀರಾ, ಅಂದರೆ ಒತ್ತಡದ ಹಬೆಯಲ್ಲಿ ಕೀಟಾಣು ಕಳೆದಿದ್ದೀರಾ? ಆಂಟಿಬಯಾಟಿಕ್ ಹಾಕಿದ್ದೀರಾ, ಎಷ್ಟು ಸಲ? ಜಾರು ತೊಳೆಯಲು ಬ್ಲೀಚಿಂಗ್ ಪೌಡರ್ ಬಳಸಿದ್ದೀರಾ? ಬೀಜ ಎಲ್ಲಿಂದ ಬಂತು, ಶುದ್ಧ ಮಾಡಿ ಕೊಟ್ಟಿದ್ದರಾ?

ಉತ್ತರ ಬಹುತೇಕ ಒಂದೇ ಜಾಡಿನಲ್ಲಿರುತ್ತದೆ. ಕಡಲಿನಿಂದ ದೂರದ ಊರು. ಕೃತಕ ಕಡಲ ನೀರು. ಒಂದೆರಡು ಸಲ ಡಯಾಟಮ್ ಎಂಬ ಕಂದು ಬಣ್ಣದ ಸೂಕ್ಷ್ಮ ಪಾಚಿ ಬಂದು ತೊಂದರೆಯಾಯಿತು. ಸರಿ, ಎಲ್ಲ ಶುದ್ಧವಾಗಿರಲಿ ಅಂತ ಪೆನಿಸಿಲಿನ್, ಸ್ಟ್ರೆಪ್ಟೋಮೈಸಿನ್ ಬೆರೆಸಿದರು. ಒಂದು ಕಾಲೇಜಿನ ವಿದ್ಯಾರ್ಥಿಗಳು ತೋರಿಸಿದ ಜಾರು ಇದಕ್ಕೆ ಒಳ್ಳೆಯ ಉದಾಹರಣೆ. ಅವರಿಗೆ ಬೀಜ ಕೊಟ್ಟವರು 'ಬ್ಯಾಕ್ಟೀರಿಯಾ ಒಂದೂ ಇಲ್ಲ' ಅಂತ ಚೀಟಿ ಅಂಟಿಸಿ ಕೊಟ್ಟಿದ್ದರು. ಆ ಚೀಟಿ ನಿಜವೇ ಆಗಿತ್ತು. ಕಾಳುಗಳು ಜಾರಿನ ತಳದಲ್ಲಿ ಉರುಳುತ್ತಿದ್ದವು. ಮಕ್ಕಳು ಅದನ್ನು ಬೇರೆ ಜಾತಿಯ ಪಾಚಿ ಅಂದುಕೊಂಡು ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದಿದ್ದರು. ಅಷ್ಟು ಶ್ರದ್ಧೆಯಿಂದ ನೋಡಿಕೊಂಡ ಜಾರಿನಲ್ಲಿ ಒಂದು ಎಲೆಯೂ ಬರಲಿಲ್ಲವಲ್ಲ ಅಂತ ನನಗೆ ಬೇಸರವಾಯಿತು. ಶುದ್ಧ ಬೀಜ ಮಾರುವವರು ಅದರ ಜೊತೆಗೆ ಏನು ಸೇರಿಸಬೇಕು ಅನ್ನುವುದನ್ನೂ ಬರೆದು ಕೊಡಬೇಕು, ಅಲ್ವಾ?

ಯುವಿ ದೀಪದ ಮೇಲೆ ಮಾತ್ರ ಬೇಗ ಅನುಮಾನ ಪಡಬೇಡಿ. ಅದು ಪೈಪಿನಲ್ಲಿ ಹಾದುಹೋಗುವ ನೀರಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಪಾಚಿಯ ಮೈಮೇಲೆ ಅಂಟಿಕೊಂಡಿರುವುದನ್ನು ಮುಟ್ಟುವುದಿಲ್ಲ.

ಯಾಕೆ ಹೀಗಾಗುತ್ತದೆ

ಉಲ್ವಾಗೆ ತನ್ನ ಎಲೆ ತಾನೊಂದೇ ಕಟ್ಟಿಕೊಳ್ಳಲು ಬರುವುದಿಲ್ಲ. ಇದು ಹೊಸ ಸಂಗತಿಯಲ್ಲ. ನ್ಯೂಯಾರ್ಕಿನ ಹ್ಯಾಸ್ಕಿನ್ಸ್ ಪ್ರಯೋಗಾಲಯದಲ್ಲಿದ್ದ ಲುಯಿಜಿ ಪ್ರೊವಾಸೊಲಿ 1958ರಲ್ಲೇ ಬರೆದಿದ್ದರು. ಬ್ಯಾಕ್ಟೀರಿಯಾ ತೆಗೆದು ಬೆಳೆಸಿದ ಉಲ್ವಾ ತನ್ನ ರೂಪ ಕಳೆದುಕೊಳ್ಳುತ್ತದೆ ಅಂತ. ಸಸ್ಯ ಹಾರ್ಮೋನುಗಳನ್ನು ಹಾಕಿ ಸರಿಪಡಿಸಲು ನೋಡಿದರು, ಪೂರ್ತಿ ಎಲೆ ಬರಲಿಲ್ಲ. 1980ರಲ್ಲಿ ಪಿಂಟ್ನರ್ ಜೊತೆ ಸೇರಿ ಮತ್ತೆ ಬರೆದರು. ಯಾವ ಬ್ಯಾಕ್ಟೀರಿಯಾ ಸೇರಿಸುತ್ತೇವೆ ಅನ್ನುವುದರ ಮೇಲೆ ಅದೇ ಉಲ್ವಾ ಬೇರೆ ಬೇರೆ ರೂಪ ತಾಳುತ್ತದೆ ಅಂತ ತೋರಿಸಿದರು.

ಆ ಬ್ಯಾಕ್ಟೀರಿಯಾ ಕೊಡುವ ವಸ್ತು ಏನು ಅನ್ನುವುದು ಗೊತ್ತಾಗಲು ಬಹಳ ಕಾಲ ಬೇಕಾಯಿತು. 2005ರಲ್ಲಿ ಜಪಾನಿನ ಮತ್ಸುಒ ಮತ್ತು ಜೊತೆಗಾರರು ಒಂದು ಕಡಲ ಬ್ಯಾಕ್ಟೀರಿಯಾದಿಂದ ಅಂಥ ವಸ್ತುವನ್ನು ಬೇರ್ಪಡಿಸಿ ಥ್ಯಾಲಸಿನ್ ಅಂತ ಹೆಸರಿಟ್ಟರು. ಅವರು ಕೆಲಸ ಮಾಡಿದ್ದು ಉಲ್ವಾದ ಹತ್ತಿರದ ಸಂಬಂಧಿ ಮೊನೊಸ್ಟ್ರೋಮಾ ಮೇಲೆ. ಅದರ ಪಾಡು ಇನ್ನೂ ಕಷ್ಟದ್ದು. ಬ್ಯಾಕ್ಟೀರಿಯಾ ಇಲ್ಲದಿದ್ದರೆ ಅದು ಉಂಡೆಯಾಗಿ ಕೂಡ ಉಳಿಯುವುದಿಲ್ಲ, ಬಿಡಿ ಬಿಡಿ ಕೋಶಗಳಾಗಿ ಚೆದುರುತ್ತದೆ. ಥ್ಯಾಲಸಿನ್ ಒಂದಿಷ್ಟೇ ಇಷ್ಟು ಸೇರಿಸಿದರೆ ಆ ಕೋಶಗಳು ಮತ್ತೆ ಎಲೆಯ ರೂಪಕ್ಕೆ ಬೆಳೆಯುತ್ತವೆ.

ಉಲ್ವಾದ ವಿಷಯದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಕೆಲಸ 2012ರದು. ಪೋರ್ಚುಗಲ್ಲಿನ ದಕ್ಷಿಣ ಕರಾವಳಿಯಿಂದ ಬ್ಯೋರ್ನ್ ಫ್ಯೂಯ್ನ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ತಂದು ಬೆಳೆಸಿದ ಉಲ್ವಾ ಮ್ಯುಟಾಬಿಲಿಸ್ ಎಂಬ ತಳಿ ಜರ್ಮನಿಯ ಲ್ಯಾಬುಗಳಲ್ಲಿ ಉಳಿದುಕೊಂಡು ಬಂದಿತ್ತು. ಅಲ್ಲಿನ ಸಂಶೋಧಕರು ಅದರ ಮೇಲಿದ್ದ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬಿಡಿಸಿ, ಶುದ್ಧ ಮಾಡಿದ ಉಲ್ವಾಗೆ ಒಂದೊಂದಾಗಿ ವಾಪಸ್ ಕೊಟ್ಟು ನೋಡಿದರು. ಪೂರ್ತಿ ಗಿಡ ಬರಲು ಎರಡು ಬೇಕಾದವು. ಒಂದು ರೋಸಿಯೋವೇರಿಯಸ್, ಇನ್ನೊಂದು ಮಾರಿಬ್ಯಾಕ್ಟರ್. ಎರಡರ ಕೆಲಸವೂ ಬೇರೆ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ನಮ್ಮ ದೋಷ ಹುಡುಕುವ ಕೆಲಸಕ್ಕೆ ಇದೇ ಬೀಗದ ಕೈ.

ರೋಸಿಯೋವೇರಿಯಸ್ ಕೋಶಗಳು ಒಡೆದು ಹೆಚ್ಚುವಂತೆ ಮಾಡುತ್ತದೆ, ಎಲೆ ಉದ್ದವಾಗುವುದು ಇದರಿಂದ. ಮಾರಿಬ್ಯಾಕ್ಟರ್ ಕೋಶದ ಗೋಡೆ ಸರಿಯಾಗಿ ಕಟ್ಟುವಂತೆಯೂ ಬುಡದಲ್ಲಿ ಬೇರಿನಂಥ ಹಿಡಿಕೆ ಬರುವಂತೆಯೂ ಮಾಡುತ್ತದೆ. ಆ ಹಿಡಿಕೆಗೆ ರೈಜಾಯ್ಡ್ ಅನ್ನುತ್ತಾರೆ. ಮಾರಿಬ್ಯಾಕ್ಟರ್ ಕೊಡುವ ಆ ವಸ್ತು ಥ್ಯಾಲಸಿನ್ನೇ ಅಂತ 2020ರಲ್ಲಿ ಜರ್ಮನಿಯ ಜೇನಾ ವಿಶ್ವವಿದ್ಯಾಲಯದ ಥಾಮಸ್ ವಿಚರ್ಡ್ ಅವರ ತಂಡ ತೋರಿಸಿತು. ನೀರಿನಲ್ಲಿ ಪಿಕೊಮೋಲಾರ್ ಮಟ್ಟದಲ್ಲಿ ಇದ್ದರೂ ಸಾಕು, ಕೆಲಸ ಮಾಡುತ್ತದೆ. ಅಂದರೆ ಒಂದು ಲೀಟರಿನಲ್ಲಿ ಒಂದು ಗ್ರಾಂನ ನೂರು ಕೋಟಿಯಲ್ಲಿ ಕೆಲವೇ ಪಾಲು. ಇಷ್ಟು ಕಡಿಮೆ ಪ್ರಮಾಣದ ವಸ್ತು ಇಲ್ಲದೆ ಇಡೀ ಗಿಡದ ರೂಪವೇ ನಿಂತುಹೋಗುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಕಡಲಿನಲ್ಲಿ ಈ ದೋಷ ಯಾರ ಕಣ್ಣಿಗೂ ಬೀಳದಿರಲು ಕಾರಣವೂ ಇದೇ. ಪಾಚಿಯ ಮೈಯ ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷಗಟ್ಟಲೆಯಿಂದ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ತಾಯಿ ಗಿಡ ಬೀಜಕಣ ಬಿಟ್ಟ ನೀರಿನಲ್ಲೇ ಮರಿಗೆ ಬೇಕಾದವರೂ ಇರುತ್ತಾರೆ. ಶುದ್ಧ ಮಾಡುವ ಕೈ ನಡುವೆ ಬಂದಾಗ ಮಾತ್ರ ಈ ಕೊಂಡಿ ಕಳಚುತ್ತದೆ.

ಮೈಕ್ರೋಸ್ಕೋಪಿನಲ್ಲಿ ಏನು ನೋಡಬೇಕು

ಸಾಮಾನ್ಯ ಕಾಲೇಜು ಮೈಕ್ರೋಸ್ಕೋಪ್ ಸಾಕು, ಹತ್ತು ಮತ್ತು ನಲವತ್ತರ ಲೆನ್ಸ್. ದೊಡ್ಡ ಕಾಳು ಬೇಡ. ಮೊಳೆತು ಒಂದೆರಡು ವಾರವಾದ ಸಣ್ಣದನ್ನು ಪಿಪೆಟ್‌ನಲ್ಲಿ ಎತ್ತಿ ಒಂದು ಹನಿ ಕಡಲ ನೀರಿನಲ್ಲೇ ಇಡಿ. ನಲ್ಲಿ ನೀರಿನಲ್ಲಿ ಇಟ್ಟರೆ ಕೋಶಗಳು ಉಬ್ಬಿ ಬೇರೆಯೇ ಚಿತ್ರ ಕಾಣುತ್ತದೆ.

ಆರೋಗ್ಯವಾಗಿರುವ ಮರಿ ಹೇಗಿರುತ್ತದೆ ಅನ್ನುವುದು ಮೊದಲು ಕಣ್ಣಿಗೆ ಅಭ್ಯಾಸವಾಗಲಿ. ಕೋಶಗಳು ಸಾಲಾಗಿ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ಒಂದು ತುದಿಯ ಕೋಶ ಮಾತ್ರ ಉದ್ದವಾಗಿ, ಬಣ್ಣ ಕಡಿಮೆಯಾಗಿ, ಕೆಳಗೆ ಚಾಚಿಕೊಂಡಿರುತ್ತದೆ. ಅದೇ ರೈಜಾಯ್ಡ್. ಬುಡ ಯಾವುದು ತುದಿ ಯಾವುದು ಅಂತ ನೋಡಿದ ಕೂಡಲೇ ಹೇಳಬಹುದು.

ಇನ್ನು ಕೆಟ್ಟವು. ಮೂರು ರೀತಿ ಕಾಣಬಹುದು.

ಬುಡ ತುದಿ ಗೊತ್ತಾಗದ ಗೊಂಚಲು. ಕೋಶಗಳು ಅಡ್ಡಾದಿಡ್ಡಿ ಸೇರಿಕೊಂಡಿವೆ. ಹೊರ ಅಂಚಿನಲ್ಲಿ ಗೋಡೆಯಿಂದ ಬಣ್ಣವಿಲ್ಲದ ಗುಳ್ಳೆಯಂಥ ಉಬ್ಬುಗಳು ಹೊರಗೆ ಬಂದಿವೆ. ಕೋಶಗಳೂ ಕಡಿಮೆ. ಇದು ಎರಡೂ ಬ್ಯಾಕ್ಟೀರಿಯಾ ಇಲ್ಲದ ಸ್ಥಿತಿ. ಪೂರ್ತಿ ಶುದ್ಧವಾದ ಜಾರಿನಲ್ಲಿ ಇದೇ ಕಾಣುವುದು.

ಗೊಂಚಲು ಚೆನ್ನಾಗಿ ಬೆಳೆದಿದೆ, ಕೋಶಗಳ ಸಂಖ್ಯೆ ಜಾಸ್ತಿಯಿದೆ, ಆದರೆ ರೈಜಾಯ್ಡ್ ಇಲ್ಲ, ಗುಳ್ಳೆಗಳು ಹಾಗೇ ಇವೆ. ಇಲ್ಲಿ ಕೋಶ ಒಡೆಯುವ ಸೂಚನೆ ಸಿಗುತ್ತಿದೆ, ಗೋಡೆ ಕಟ್ಟುವ ಸೂಚನೆ ಸಿಗುತ್ತಿಲ್ಲ. ಅಂದರೆ ರೋಸಿಯೋವೇರಿಯಸ್ ಕೆಲಸ ಮಾಡುವವರು ಇದ್ದಾರೆ, ಮಾರಿಬ್ಯಾಕ್ಟರ್ ಕೆಲಸ ಮಾಡುವವರು ಇಲ್ಲ. ಜಾರಿನಲ್ಲಿ ಉರುಳುವ ಕಾಳುಗಳಲ್ಲಿ ದೊಡ್ಡವು ಸಾಮಾನ್ಯವಾಗಿ ಇಂಥವೇ.

ಮೂರನೆಯದು ತಪ್ಪಿಸಿಕೊಳ್ಳುವುದು ಸುಲಭ. ಗಿಡ ನೆಟ್ಟಗಿದೆ. ಗೋಡೆ ನುಣುಪಾಗಿದೆ, ಗುಳ್ಳೆ ಇಲ್ಲ. ರೈಜಾಯ್ಡ್ ಬಂದು ಗಾಜನ್ನು ಹಿಡಿದುಕೊಂಡಿದೆ. ಆದರೆ ಕೆಲವೇ ಕೋಶಗಳು, ಒಂದೊಂದೂ ದೊಡ್ಡದು. ಮುಂದಿನ ವಾರ ನೋಡಿದರೂ ಅಷ್ಟೇ ಇರುತ್ತದೆ. ಇದನ್ನು ನೋಡಿ ಗೊಬ್ಬರ ಸಾಲದು ಅಂತ ಹಾಕುತ್ತಾ ಹೋಗುವವರೇ ಜಾಸ್ತಿ. ಇಲ್ಲಿ ಮಾರಿಬ್ಯಾಕ್ಟರ್ ಕಡೆಯ ಕೆಲಸ ಆಗಿದೆ, ರೋಸಿಯೋವೇರಿಯಸ್ ಕಡೆಯದು ಆಗಿಲ್ಲ.

ಬರಿಗಣ್ಣಿನ ಗುರುತು ಬೇಕೆಂದರೆ: ಉರುಳಿದರೆ ಗೋಡೆ ಮತ್ತು ಹಿಡಿಕೆಯ ಕೊರತೆ, ಅಂಟಿಕೊಂಡೂ ಬೆಳೆಯದಿದ್ದರೆ ಕೋಶ ಒಡೆಯುವುದರ ಕೊರತೆ. ಇದು ಅಂದಾಜು ಮಾತ್ರ. ಕೊನೆಯ ಮಾತು ಮೈಕ್ರೋಸ್ಕೋಪಿನದು.

ಡಿಶ್ ಪರೀಕ್ಷೆ

ಕಣ್ಣಿಗೆ ಕಂಡದ್ದು ನಿಜವೇ ಅಂತ ಖಚಿತ ಮಾಡಿಕೊಳ್ಳಲು ಇದನ್ನು ಮಾಡಿ. ಕಾಳುಗಳ ಮೇಲೆ ಬೇಡ, ಹೊಸ ಗ್ಯಾಮೀಟುಗಳ ಮೇಲೆ, ಅಂದರೆ ಪಾಚಿ ಬಿಡುವ ಈಜುವ ಲಿಂಗಕೋಶಗಳ ಮೇಲೆ ಮಾಡಿ. ಆರಂಭದಿಂದಲೇ ನೋಡಿದರೆ ಫಲಿತಾಂಶ ಓದುವುದು ಸುಲಭ. ಉಲ್ವಾ ಗ್ಯಾಮೀಟುಗಳು ಜೋಡಿಯಾಗದಿದ್ದರೂ ಒಂಟಿಯಾಗಿಯೇ ಮೊಳೆಯುತ್ತವೆ. ಹಾಗಾಗಿ ಒಂದೇ ಗಿಡದಿಂದ ಬೇಕಾದಷ್ಟು ಸಿಗುತ್ತವೆ.

ಗ್ಯಾಮೀಟುಗಳು ಬೆಳಕಿನ ಕಡೆಗೆ ಈಜುತ್ತವೆ. ಒಂದು ಬದಿಯಿಂದ ದೀಪ ಹಿಡಿದರೆ ಆ ಬದಿಯಲ್ಲಿ ಹಸಿರು ಗೆರೆಯಾಗಿ ಸೇರುತ್ತವೆ, ಬ್ಯಾಕ್ಟೀರಿಯಾಗಳು ಹಿಂದೆ ಉಳಿಯುತ್ತವೆ. ಆ ಗೆರೆಯನ್ನು ಪಿಪೆಟ್‌ನಲ್ಲಿ ಎತ್ತಿ, ಶುದ್ಧ ನೀರು ತುಂಬಿದ ತೆಳು ಗಾಜಿನ ನಳಿಕೆಯಲ್ಲಿ ಮತ್ತೆ ಬೆಳಕಿನ ಕಡೆಗೆ ಓಡಿಸಿ. ಇದನ್ನೇ ಮತ್ತೆ ಮತ್ತೆ ಮಾಡಿ ಶುದ್ಧ ಗ್ಯಾಮೀಟು ಪಡೆಯುವುದು ಲ್ಯಾಬುಗಳ ರೂಢಿ. ಇಲ್ಲಿ 'ಶುದ್ಧ ನೀರು' ಅಂದರೆ ಕೀಟಾಣು ಕಳೆದ ಕಡಲ ನೀರು.

ನಾಲ್ಕು ಡಿಶ್ ಇಡಿ. ಮೊದಲನೆಯದಕ್ಕೆ ಗ್ಯಾಮೀಟು ಮತ್ತು ಶುದ್ಧ ಮಾಧ್ಯಮ ಬಿಟ್ಟರೆ ಏನೂ ಬೇಡ. ಎರಡನೆಯದಕ್ಕೆ ನಿಮ್ಮ ತೊಂದರೆಯ ಜಾರಿನ ನೀರು ಸ್ವಲ್ಪ. ಮೂರನೆಯದಕ್ಕೆ, ಬಂಡೆಯಿಂದ ತಂದ ಆರೋಗ್ಯವಾದ ಉಲ್ವಾವನ್ನು ಶುದ್ಧ ಕಡಲ ನೀರಿನಲ್ಲಿ ಜೋರಾಗಿ ಅಲ್ಲಾಡಿಸಿ ತೊಳೆದ ನೀರು. ನಾಲ್ಕನೆಯದಕ್ಕೆ ಅದೇ ತೊಳೆದ ನೀರನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ್ದು. ಈ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನಿಲ್ಲುತ್ತದೆ, ನೀರಿನಲ್ಲಿ ಕರಗಿದ ವಸ್ತು ಹಾದುಹೋಗುತ್ತದೆ.

ಉಲ್ವಾ ಮ್ಯುಟಾಬಿಲಿಸ್‌ಗೆ 18 ಡಿಗ್ರಿ, 17 ಗಂಟೆ ಬೆಳಕು, 7 ಗಂಟೆ ಕತ್ತಲೆ ಕೊಡುವುದು ಲ್ಯಾಬುಗಳ ರೂಢಿ. ನಮ್ಮ ಕರಾವಳಿಯ ಉಲ್ವಾ ಅದಕ್ಕಿಂತ ಬಿಸಿ ನೀರಿಗೆ ಹೊಂದಿಕೊಂಡದ್ದು, ಅಷ್ಟು ತಣ್ಣಗೆ ಇಡಬೇಕಿಲ್ಲ. ನಾಲ್ಕೂ ಡಿಶ್ ಒಂದೇ ಕಡೆ, ಒಂದೇ ಬೆಳಕಿನಲ್ಲಿ ಇರಲಿ. ಒಂದೆರಡು ವಾರದಲ್ಲಿ ವ್ಯತ್ಯಾಸ ಲೆನ್ಸಿನಡಿ ಕಾಣುತ್ತದೆ.

ಮೂರನೆಯದರಲ್ಲಿ ಎಲೆ ಬಂದು ಒಂದು ಮತ್ತು ಎರಡರಲ್ಲಿ ಬರದಿದ್ದರೆ ದೋಷ ಸಿಕ್ಕಿತು, ನಿಮ್ಮ ಜಾರಿನಲ್ಲಿ ಬೇಕಾದ ಬ್ಯಾಕ್ಟೀರಿಯಾ ಇಲ್ಲ. ನಾಲ್ಕನೆಯದರಲ್ಲೂ ಸ್ವಲ್ಪ ರೂಪ ಬಂದಿದ್ದರೆ ಗಾಬರಿಯಾಗಬೇಡಿ. ಬ್ಯಾಕ್ಟೀರಿಯಾ ಬಿಟ್ಟ ವಸ್ತುಗಳು ನೀರಿನಲ್ಲಿ ಉಳಿದಿರುತ್ತವೆ. ಪೋರ್ಚುಗಲ್ಲಿನ ರಿಯಾ ಫೊರ್ಮೋಸಾ ಹಿನ್ನೀರಿನ ನೀರಿನಲ್ಲೇ ಉಲ್ವಾಗೆ ರೂಪ ಕೊಡುವಷ್ಟು ವಸ್ತು ಕರಗಿರುತ್ತದೆ ಅಂತ 2016ರಲ್ಲಿ ತೋರಿಸಿದ್ದಾರೆ. ಆದರೆ ಕರಗಿದ ವಸ್ತು ಖರ್ಚಾಗುತ್ತದೆ, ಜೀವಂತ ಬ್ಯಾಕ್ಟೀರಿಯಾ ಅದನ್ನು ಕೊಡುತ್ತಲೇ ಇರುತ್ತದೆ. ಮೂರನೆಯ ಡಿಶ್ಶಿನಲ್ಲೂ ಎಲೆ ಬರದಿದ್ದರೆ ದೋಷ ಬೇರೆ ಕಡೆ ಇದೆ. ಬಳಸಿದ ಮಾಧ್ಯಮದಲ್ಲೋ ಪಾತ್ರೆಯಲ್ಲೋ ಉಳಿದ ಆಂಟಿಬಯಾಟಿಕ್ ಅಥವಾ ಕ್ಲೋರಿನ್ ಕಡೆಗೆ ನೋಡಿ.

ಒಂದು ಎಚ್ಚರಿಕೆ. ಬ್ಯಾಕ್ಟೀರಿಯಾ ಬೆಳೆಸುವ ಮರೈನ್ ಅಗರ್ ತಟ್ಟೆಯಲ್ಲಿ ನೀರು ಹರಡಿ, ಏನೂ ಬೆಳೆಯಲಿಲ್ಲ ಅಂತ 'ಬ್ಯಾಕ್ಟೀರಿಯಾ ಇಲ್ಲ' ಎಂದು ಬರೆಯಬೇಡಿ. ಕಡಲಿನ ಬಹಳಷ್ಟು ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಹಾಗೇ ತಟ್ಟೆ ತುಂಬ ಬೆಳೆದಿದೆ ಅಂದ ಮಾತ್ರಕ್ಕೆ ಬೇಕಾದವು ಇವೆ ಅಂತಲೂ ಅಲ್ಲ. ಈ ವಿಷಯದಲ್ಲಿ ತಟ್ಟೆಗಿಂತ ಪಾಚಿಯ ರೂಪವನ್ನೇ ನಾನು ಜಾಸ್ತಿ ನಂಬುತ್ತೇನೆ.

ಸರಿಪಡಿಸುವುದು

ಮೊದಲು ಆಂಟಿಬಯಾಟಿಕ್ ನಿಲ್ಲಿಸಿ. ನೀರು ಪೂರ್ತಿ ಬದಲಾಯಿಸಿ. ಬ್ಲೀಚ್ ಬಳಸಿದ್ದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ಕಳೆಯಿರಿ. ಆಮೇಲೆ ಡಿಶ್ಶಿನಲ್ಲಿ ಕೆಲಸ ಮಾಡಿದ ಅದೇ ತೊಳೆದ ನೀರನ್ನು ಹೊಸ ಬೀಜಕಣಗಳಿಗೆ ಕೊಡಿ. ತುಂಬಾ ಬೇಕಾಗಿಲ್ಲ.

ಯಾಕೆ ಬೇಕಾಗಿಲ್ಲ ಅಂದರೆ ಪಾಚಿ ಸುಮ್ಮನೆ ಕೂತಿರುವುದಿಲ್ಲ. ಅದು ಡಿಎಂಎಸ್‌ಪಿ ಎಂಬ ಗಂಧಕದ ವಸ್ತುವನ್ನು ನೀರಿಗೆ ಬಿಡುತ್ತದೆ. ರೋಸಿಯೋವೇರಿಯಸ್ ಆ ಜಾಡು ಹಿಡಿದು ಈಜಿ ಬರುತ್ತದೆ. ಬಂದವರಿಗೆ ಊಟವೂ ಪಾಚಿಯದೇ, ಅದು ಬಿಡುವ ಗ್ಲಿಸರಾಲ್. ಜೇನಾ ತಂಡ 2018ರಲ್ಲಿ ಇದನ್ನು ವಿವರವಾಗಿ ತೋರಿಸಿತು. ನನಗೆ ಈ ಇಡೀ ಸಂಬಂಧದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಪಾಚಿಯೇ ಕರೆಯುತ್ತದೆ, ಪಾಚಿಯೇ ಉಣಿಸುತ್ತದೆ, ಬದಲಿಗೆ ತನ್ನ ರೂಪ ಪಡೆಯುತ್ತದೆ. ಹಾಗಾಗಿ ದಯವಿಟ್ಟು ಬ್ಯಾಕ್ಟೀರಿಯಾ ಬೇಗ ಹೆಚ್ಚಲಿ ಅಂತ ಸಕ್ಕರೆ, ಪೆಪ್ಟೋನ್ ಹಾಕಬೇಡಿ. ಹಾಕಿದರೆ ಪಾಚಿಗೆ ಸಂಬಂಧವೇ ಇಲ್ಲದ ಬ್ಯಾಕ್ಟೀರಿಯಾಗಳು ನೀರು ತುಂಬಿಕೊಂಡು, ಜಾರು ಮಬ್ಬಾಗಿ, ಆಮ್ಲಜನಕ ಕಡಿಮೆಯಾಗುತ್ತದೆ.

'ಜರ್ಮನಿಯ ಆ ಎರಡು ತಳಿಗಳೇ ಬೇಕಾ?' ಅಂತ ಕೇಳುತ್ತಾರೆ. ಸಂಶೋಧನೆಗೆ, ಒಂದೊಂದೇ ಬ್ಯಾಕ್ಟೀರಿಯಾದ ಕೆಲಸ ಅಳೆಯುವುದಕ್ಕೆ ಬೇಕು. ಎಲೆ ಬೆಳೆಸುವುದಕ್ಕೆ ಬೇಡ. ಬೇರೆ ಕುಲದ ಬ್ಯಾಕ್ಟೀರಿಯಾಗಳೂ ಇದೇ ಕೆಲಸ ಮಾಡಬಲ್ಲವು. ಸಿಡ್ನಿಯ ಸಂಶೋಧಕರು ಉಲ್ವಾ ಆಸ್ಟ್ರಾಲಿಸ್ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಒಳ್ಳೆಯ ಆಧಾರ. ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಬ್ಯಾಕ್ಟೀರಿಯಾ ಜಾತಿಗಳು ತುಂಬಾ ಬೇರೆ ಇದ್ದವು. ಆದರೆ ಅವುಗಳ ಜೀನುಗಳು ಮಾಡುವ ಕೆಲಸಗಳು ಬಹುಮಟ್ಟಿಗೆ ಒಂದೇ ಆಗಿದ್ದವು. ಯಾರು ಅನ್ನುವುದಕ್ಕಿಂತ ಏನು ಮಾಡುತ್ತಾರೆ ಅನ್ನುವುದು ಮುಖ್ಯ. ನಿಮ್ಮ ಬೀಜ ಬಂದ ಕರಾವಳಿಯ ಗಿಡವನ್ನೇ ತೊಳೆದು ನೀರು ತೆಗೆಯಿರಿ, ಡಿಶ್ಶಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ಜಾರಿಗೆ ಹಾಕಿ.

ತೊಳೆದ ನೀರಿನ ಜೊತೆ ಡಯಾಟಮ್ ಬರುತ್ತದೆ ಅನ್ನುವ ಭಯ ಸರಿಯಾದದ್ದೇ. ಅದಕ್ಕೆ ಆಂಟಿಬಯಾಟಿಕ್ ಮದ್ದಲ್ಲ. ಜರ್ಮೇನಿಯಂ ಡೈಆಕ್ಸೈಡ್ ಬಳಸಿ. ಡಯಾಟಮ್‌ಗೆ ಸಿಲಿಕಾ ಚಿಪ್ಪು ಕಟ್ಟಲಾಗದಂತೆ ಅದು ಮಾಡುತ್ತದೆ, ಹಸಿರು ಪಾಚಿಗೆ ತೊಂದರೆ ಕೊಡುವುದಿಲ್ಲ. ಆದರೆ ಅದೇ ಲ್ಯಾಬಿನಲ್ಲಿ ಸರ್ಗಾಸಮ್‌ನಂಥ ಕಂದು ಪಾಚಿ ಇದ್ದರೆ ಆ ಜಾರಿಗೆ ಹಾಕಬೇಡಿ, ಕಂದು ಪಾಚಿಗೆ ಅದು ಒಗ್ಗುವುದಿಲ್ಲ.

ಈ ದೋಷ ಅಲ್ಲದ್ದನ್ನು ಈ ದೋಷ ಅಂದುಕೊಳ್ಳಬೇಡಿ

ನಿನ್ನೆ ಸಂಜೆ ಚೆನ್ನಾಗಿದ್ದ ಎಲೆ ಬೆಳಿಗ್ಗೆ ಅಂಚಿನಲ್ಲಿ ಬೆಳ್ಳಗಾಗಿದೆ, ನೀರು ಹಸಿರಾಗಿದೆ. ಫೋನ್ ಮಾಡಿ 'ಬ್ಯಾಕ್ಟೀರಿಯಾ ತಿಂದುಬಿಟ್ಟಿದೆ' ಅನ್ನುತ್ತಾರೆ. ಜಾರನ್ನು ಕಿಟಕಿಯ ಪಕ್ಕ ಇಡಿ. ಸ್ವಲ್ಪ ಹೊತ್ತಿನಲ್ಲಿ ಹಸಿರು ಕಿಟಕಿಯ ಬದಿಗೆ ಸೇರಿಕೊಂಡರೆ ಅದು ಕೊಳೆತವಲ್ಲ, ಗ್ಯಾಮೀಟು. ಎಲೆ ತನ್ನ ಅಂಚಿನ ಕೋಶಗಳನ್ನೆಲ್ಲ ಗ್ಯಾಮೀಟು ಮಾಡಿ ಹೊರಗೆ ಬಿಟ್ಟಿದೆ, ಬೆಳ್ಳಗೆ ಕಾಣುವುದು ಖಾಲಿ ಗೋಡೆಗಳು. ಎಲೆಯನ್ನು ಚೂರು ಚೂರು ಕತ್ತರಿಸಿ ನೀರು ಪೂರ್ತಿ ಬದಲಾಯಿಸಿದರೆ ಹೀಗಾಗುತ್ತದೆ. ಎಲೆಯಲ್ಲಿ ಗ್ಯಾಮೀಟು ಆಗದಂತೆ ತಡೆಯುವ ವಸ್ತುಗಳು ಇರುತ್ತವೆ. ಕತ್ತರಿಸಿ ತೊಳೆದರೆ ಅವು ಹೋಗಿಬಿಡುತ್ತವೆ, ಬಲಿತ ಎಲೆಯಾದರೆ ಮೂರನೆಯ ದಿನ ಬೆಳಿಗ್ಗೆ ಗ್ಯಾಮೀಟು ಹೊರಬರುತ್ತದೆ. ಇದನ್ನು ತಡೆಯಬೇಕಿದ್ದರೆ ನೀರು ಬದಲಾಯಿಸುವಾಗ ಸ್ವಲ್ಪ ಹಳೆಯ ನೀರು ಉಳಿಸಿ, ಎಲೆ ಕತ್ತರಿಸಬೇಡಿ.

ಎಲೆಯ ನಡುವೆ ತೂತು, ಲೋಳೆ, ಕೆಟ್ಟ ವಾಸನೆ ಇದ್ದರೆ ಅದು ನಿಜವಾದ ಕೊಳೆತ. ಉಲ್ವಾದ ಗೋಡೆಯ ಉಲ್ವಾನ್ ಎಂಬ ಸಕ್ಕರೆಯ ಸರಪಳಿಯನ್ನು ಕತ್ತರಿಸಿ ತಿನ್ನುವ ಬ್ಯಾಕ್ಟೀರಿಯಾಗಳು ಇವೆ. ಅಂಥದ್ದೊಂದನ್ನು ಉಲ್ವಾ ಮೇಯುವ ಕಡಲಮೊಲ ಎಂಬ ಮೃದ್ವಂಗಿಯ ಹಿಕ್ಕೆಯಿಂದಲೇ ಬೇರ್ಪಡಿಸಿದ್ದಾರೆ. ಇಲ್ಲೂ ಮೊದಲ ಪ್ರಶ್ನೆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು ಅನ್ನುವುದಲ್ಲ. ಪಾಚಿಗೆ ಏನಾಗಿತ್ತು ಅನ್ನುವುದು. ನೀರು ಬಿಸಿಯಾಗಿತ್ತಾ, ಏರೇಟರ್ ನಿಂತಿತ್ತಾ, ತೊಟ್ಟಿಯಲ್ಲಿ ಎಲೆ ಒತ್ತೊತ್ತಾಗಿತ್ತಾ?

ತಮಿಳುನಾಡಿನ ರಾಮನಾಥಪುರದ ಕಡೆ ತೆಪ್ಪದ ಮೇಲೆ ಕಪ್ಪಾಫೈಕಸ್ ಬೆಳೆಯುವವರಿಗೂ ಇದೇ ಪ್ರಶ್ನೆ. ಆ ಕೆಂಪು ಪಾಚಿಯ ಕೊಂಬೆ ಬೆಳ್ಳಗಾಗಿ, ಮೆತ್ತಗಾಗಿ ತುಂಡಾಗುವ ರೋಗಕ್ಕೆ ಐಸ್-ಐಸ್ ಅನ್ನುತ್ತಾರೆ. ಫಿಲಿಪೈನ್ಸ್‌ನ ಡ್ಯಾನಿಲೊ ಲಾರ್ಗೊ ಮತ್ತು ಜೊತೆಗಾರರು 1995ರಲ್ಲಿ ಅದರ ಜೊತೆಗಿದ್ದ ವಿಬ್ರಿಯೋ ಮತ್ತು ಸೈಟೋಫೇಗಾ ಗುಂಪಿನ ಬ್ಯಾಕ್ಟೀರಿಯಾಗಳನ್ನು ಗುರುತಿಸಿದರು. ಬೆಳಕು, ಉಪ್ಪು, ಬಿಸಿ ಹೆಚ್ಚುಕಡಿಮೆಯಾಗಿ ಪಾಚಿ ಸೋತಿದ್ದಾಗ ಇವುಗಳ ಕೈ ಮೇಲಾಗುತ್ತದೆ. ತೆಪ್ಪವನ್ನು ಸ್ವಲ್ಪ ಆಳಕ್ಕೆ ಇಳಿಸುವುದು, ಕೆಟ್ಟ ಕೊಂಬೆ ಕಿತ್ತು ದಡಕ್ಕೆ ತರುವುದು, ಬಿಸಿಯ ತಿಂಗಳಿಗೆ ಮೊದಲೇ ಕೊಯ್ಯುವುದು ಅಲ್ಲಿ ಮಾಡಬಹುದಾದ ಕೆಲಸ. ತೆರೆದ ಕಡಲಿಗೆ ಔಷಧಿ ಸುರಿಯಲು ಆಗುವುದಿಲ್ಲ, ಸುರಿಯಲೂಬಾರದು.

ತೊಂದರೆಯ ಜಾರು ಯಾರಿಗಾದರೂ ತೋರಿಸಲು ಒಯ್ಯುವುದಿದ್ದರೆ ಅದೇ ನೀರಿನಲ್ಲಿ, ತಣ್ಣಗೆ, ಕತ್ತಲಲ್ಲಿ ಒಯ್ಯಿರಿ. ಹೊರಡುವ ಮೊದಲು ನೀರು ಬದಲಾಯಿಸಬೇಡಿ, ಪಾಚಿಯನ್ನು ತೊಳೆಯಬೇಡಿ. ಚೀಟಿಯ ಮೇಲೆ ನೀರು ಎಲ್ಲಿಯದು, ಏನೇನು ಹಾಕಿದ್ದೀರಿ, ಯಾವ ದಿನ ಹಾಕಿದ್ದೀರಿ ಅಂತ ಬರೆದು ಅಂಟಿಸಿ. ಹಾಗೇ ಅದೇ ಕರಾವಳಿಯ ಆರೋಗ್ಯವಾದ ಉಲ್ವಾದ ಒಂದು ತುಂಡನ್ನು ಇನ್ನೊಂದು ಡಬ್ಬಿಯಲ್ಲಿ ಜೊತೆಗೆ ತನ್ನಿ, ಹೋಲಿಸಿ ನೋಡಲು ಅದು ಬೇಕಾಗುತ್ತದೆ.